ಮನೆ ಬಿಡುವ ಮೊದಲು ಒಮ್ಮೆ ಕೇಳಿ

ಮಾನ್ಯರೇ,

ಬೇರೆಯಾಗೋಣ ಅಂತ ನಾವಿಬ್ಬರೂ ತೀರ್ಮಾನಿಸಿದ ವಾರವೇ ನಾನು ಮಗಳ ಜೊತೆ ಸಾಲಗಾಮೆ ರಸ್ತೆಯ ಮನೆ ಬಿಟ್ಟು ಬಂದೆ. ಮನೆ ಮಾವನ ಹೆಸರಲ್ಲಿತ್ತು, ನನಗೇನು ಹಕ್ಕು ಅಂದುಕೊಂಡಿದ್ದೆ. ಆಮೇಲೆ ವಕೀಲರು ತಿಳಿಸಿದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಗಂಡನ ಜೊತೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ. ಅತ್ತೆ ಮಾವನ ಹೆಸರಿನ ಮನೆಯೂ ಇದರಲ್ಲಿ ಸೇರಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಡೆತನ ಅಲ್ಲ, ವಾಸದ ಹಕ್ಕು ಮಾತ್ರ. ದೌರ್ಜನ್ಯ ನಡೆದಿದ್ದರೆ ಬೇರೆ ಮನೆ ಮಾಡಿಕೊಡಲು ಅಥವಾ ಬಾಡಿಗೆ ಕಟ್ಟಲು ಕೋರ್ಟ್ ಆದೇಶಿಸಬಹುದು.

ಇಲ್ಲೇ ಹಾಸನದ ಕೆ.ಆರ್. ಪುರಂನಲ್ಲಿ ಐದು ಮನೆ ನೋಡಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಬರಲಿಲ್ವಾ?" ನಿಜ ಹೇಳಿದ ಕೂಡಲೇ ಮನೆ ಬೇರೆಯವರಿಗೆ ಆಗಿಬಿಟ್ಟಿರುತ್ತಿತ್ತು. ಮಗಳು ನನ್ನ ಸೆರಗು ಹಿಡಿದು ಅಲ್ಲೇ ನಿಂತಿರುತ್ತಿದ್ದಳು.

ಕೊನೆಗೆ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಬಾಡಿಗೆ ಸ್ವಲ್ಪ ಜಾಸ್ತಿ. ಆದರೂ ಅವಳ ಶಾಲೆ, ಗೆಳತಿಯರು ಬದಲಾಗಲಿಲ್ಲ, ಅದು ಮುಖ್ಯ ಅಲ್ವಾ? ಶನಿವಾರ ಅಪ್ಪನ ಮನೆಗೆ ಹೋಗುತ್ತಾಳೆ. ಒಂದು ಸೋಮವಾರ ಗಣಿತದ ಪುಸ್ತಕ ಅಲ್ಲೇ ಉಳಿದು ಬಹಳ ಅತ್ತಳು. ಈಗ ಎರಡೂ ಮನೆಯಲ್ಲಿ ಒಂದೊಂದು ಜೊತೆ ಪುಸ್ತಕ, ಸಮವಸ್ತ್ರ ಇಟ್ಟಿದ್ದೇವೆ.

ಮನೆ ಬಿಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಮನೆ ಮಾಲೀಕರಲ್ಲೂ ಒಂದು ವಿನಂತಿ: ಬಾಡಿಗೆ ಕಟ್ಟುತ್ತೀರಾ ಅಂತ ಕೇಳಿ, ಗಂಡ ಎಲ್ಲಿ ಅಂತ ಮಗುವಿನ ಮುಂದೆ ಕೇಳಬೇಡಿ.

– ಒಬ್ಬ ತಾಯಿ, ಹಾಸನ