ವೈರಸ್ಸಿನ ಹೆಸರಲ್ಲಿ ಬಿಪಿ ಮಾತ್ರೆ ಬಿಡಿಸಬೇಡಿ

ಮಾನ್ಯ ಸಂಪಾದಕರೇ,

‘ರಕ್ತದೊತ್ತಡಕ್ಕೆ ವೈರಸ್ಸೇ ಕಾರಣ’ ಎಂದು ನಿನ್ನೆ ನೀವು ಮುಖಪುಟದಲ್ಲಿ ಹಾಕಿದ ವರದಿಯ ಫಲವನ್ನು ಇವತ್ತು ಬೆಳಿಗ್ಗೆಯಿಂದ ಹೊರರೋಗಿ ವಿಭಾಗದಲ್ಲಿ ಉಣ್ಣುತ್ತಿದ್ದೇವೆ. ಒಬ್ಬರಿಗೆ ವೈರಸ್ ಪರೀಕ್ಷೆ ಬರೆದುಕೊಡಬೇಕಂತೆ, ಇನ್ನೊಬ್ಬರಿಗೆ ವೈರಸ್ ಕೊಲ್ಲುವ ಔಷಧ ಬೇಕಂತೆ, ಮತ್ತೊಬ್ಬರು ರಾತ್ರಿಯೇ ಬಿಪಿ ಮಾತ್ರೆ ನಿಲ್ಲಿಸಿ ಬಂದಿದ್ದಾರೆ. ಎದೆನೋವಿನವರು ಹಿಂದೆ ಕಾಯುತ್ತಿರುವಾಗ ನಿಮ್ಮ ತಲೆಬರಹಕ್ಕೆ ವಿವರಣೆ ಕೊಡುತ್ತ ಕೂರುವುದು ನಮ್ಮ ಕೆಲಸವೇ?

ಆ ಸಂಶೋಧನೆ ಹೊಸದೂ ಅಲ್ಲ. 2009ರಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ತಂಡ ಪ್ರಕಟಿಸಿದ್ದು. ಇಲಿಗಳಿಗೆ ಸೈಟೋಮೆಗಾಲೋ ವೈರಸ್ (ಹರ್ಪಿಸ್ ಗುಂಪಿನ ಒಂದು ಸಾಮಾನ್ಯ ವೈರಸ್) ಸೋಂಕು ತಗುಲಿಸಿದಾಗ ಅವುಗಳ ರಕ್ತದೊತ್ತಡ ಏರಿತು. ಸೋಂಕು ತಗುಲಿದ ಜೀವಕೋಶಗಳಲ್ಲಿ ರೆನಿನ್ ಎಂಬ ಕಿಣ್ವ ಹೆಚ್ಚಿತು, ಅದರಿಂದ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ಹೆಚ್ಚಿತು. ಈ ಆಂಜಿಯೋಟೆನ್ಸಿನ್ ರಕ್ತನಾಳವನ್ನು ಬಿಗಿಯುತ್ತದೆ, ಉಪ್ಪು ನೀರನ್ನು ದೇಹದಲ್ಲೇ ಉಳಿಸುತ್ತದೆ. ಪ್ರಯೋಗಾಲಯದಲ್ಲಿ ಮನುಷ್ಯರ ರಕ್ತನಾಳದ ಒಳಪದರದ ಜೀವಕೋಶಗಳಲ್ಲೂ ಈ ವೈರಸ್ ರೆನಿನ್ ಹೆಚ್ಚಿಸಿತು. ಸುಳಿವು ಗಟ್ಟಿಯಾದದ್ದೇ, ಅಲ್ಲಗಳೆಯುವುದಿಲ್ಲ. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನ ಬಿಪಿಗೆ ‘ಇದೇ ಕಾರಣ’ ಎಂದು ಹೇಳಲು ಸಾಲದು. ಜಗತ್ತಿನ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ವೈರಸ್ ಒಮ್ಮೆ ತಗುಲಿ ಮೈಯಲ್ಲೇ ಉಳಿದಿರುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಬಿಪಿ ಇಲ್ಲ. ಆದ್ದರಿಂದ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ ಹುಡುಕುವ ಐಜಿಜಿ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಹಿಂದೆಂದೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಇನ್ನು ರೋಗಿಗಳು ಕೇಳುತ್ತಿರುವ ವೈರಸ್ ಔಷಧ ಗ್ಯಾನ್‌ಸೈಕ್ಲೋವಿರ್ ಮೂಳೆಮಜ್ಜೆಯನ್ನು ಕುಗ್ಗಿಸಿ ಬಿಳಿ ರಕ್ತಕಣ ಇಳಿಸುವ ಔಷಧ. ಬಿಪಿಗೆ ಅದನ್ನು ಯಾರೂ ಕೊಡುವುದಿಲ್ಲ.

2020ರಲ್ಲೂ ಹೀಗೇ ಆಯಿತು. ಕೊರೊನಾ ವೈರಸ್ ಎಸಿಇ-2 ಎಂಬ ಪ್ರೋಟೀನಿನ ಮೂಲಕ ಜೀವಕೋಶದೊಳಗೆ ಹೋಗುತ್ತದೆ ಎಂದ ಕೂಡಲೇ, ಎನಾಲಪ್ರಿಲ್, ಲೋಸಾರ್ಟಾನ್‌ನಂಥ ಬಿಪಿ ಮಾತ್ರೆಗಳು ಅದನ್ನು ಹೆಚ್ಚಿಸಬಹುದು, ಆದ್ದರಿಂದ ಅಪಾಯ ಎಂದು ಸುದ್ದಿ ಹಬ್ಬಿತು. ನಿಲ್ಲಿಸಬೇಡಿ ಎಂದು ಹೃದ್ರೋಗ ತಜ್ಞರ ಸಂಘಗಳು ಹೇಳಿದವು, ಮುಂದೆ ನಡೆದ ಪ್ರಯೋಗಗಳಲ್ಲಿ ನಿಲ್ಲಿಸಿದ್ದರಿಂದ ಲಾಭ ಕಾಣಲಿಲ್ಲ. ನಮ್ಮ ಆರೋಗ್ಯ ಇಲಾಖೆಯ ಅಧಿಕಾರಿಗಳು ಈಗ ಒಂದು ಸಾಲಿನ ಸ್ಪಷ್ಟನೆಯನ್ನೂ ಕೊಟ್ಟಿಲ್ಲ.

ನಿಜಕ್ಕೂ ಬರೆಯಬೇಕಿದ್ದದ್ದು ಬೇರೆ ಇತ್ತು. ವೈರಲ್ ಜ್ವರದ ದಿನಗಳಲ್ಲಿ ಬಿಪಿ ಏರಿದರೆ ಮೊದಲು ಮಾತ್ರೆಗಳನ್ನು ನೋಡಬೇಕು. ನೋವಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲೆಫ್ರಿನ್, ಸ್ಟೆರಾಯ್ಡ್, ಎಲ್ಲವೂ ಒತ್ತಡ ಏರಿಸಬಲ್ಲವು. ಅಂಕಿ ತೀರಾ ಹೆಚ್ಚಿಲ್ಲದಿದ್ದರೆ, ಎದೆನೋವು, ಉಸಿರಾಟದ ತೊಂದರೆ ಇಲ್ಲದಿದ್ದರೆ, ಜ್ವರ ಬಿಟ್ಟ ಮೇಲೆ ಬೇರೆ ಬೇರೆ ದಿನ ಮತ್ತೆ ಅಳೆಯಬೇಕು. ಮೂತ್ರ ವಿಸರ್ಜಿಸಿ, 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಹೃದಯದ ಮಟ್ಟಕ್ಕೆ. ಬಿಪಿ ಯಂತ್ರದ ಪಟ್ಟಿ (ಕಫ್) ಬರಿ ತೋಳಿಗೆ. ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಬೇಡ, ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ಬಿಪಿ ಎನ್ನಬೇಕು.

ಈಗ ಅಧಿಕಾರಿಗಳ ತಪಾಸಣಾ ಶಿಬಿರ ನೋಡಿ. ದಪ್ಪ ತೋಳಿಗೂ ಅದೇ ಸಣ್ಣ ಪಟ್ಟಿ, ಅಂಗಿಯ ಮೇಲೆಯೇ ಕಟ್ಟುವುದು, ನಿಂತವರನ್ನು ಕೂರಿಸಿದ ಕೂಡಲೇ ಅಳೆಯುವುದು. ಸಣ್ಣ ಪಟ್ಟಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಿ ಎಷ್ಟು ಕಾಲವಾಯಿತೋ ಕೇಳುವವರಿಲ್ಲ. ದೊಡ್ಡ ಪಟ್ಟಿ ಕೊಡಿ ಎಂದು ಬರೆದುಬರೆದು ಸಾಕಾಗಿದೆ.

ತಿದ್ದುಪಡಿಯನ್ನು ಅದೇ ಮುಖಪುಟದಲ್ಲಿ ಅದೇ ಅಕ್ಷರದಲ್ಲಿ ಹಾಕಿ. ಅಧಿಕಾರಿಗಳೂ ದೊಡ್ಡ ತೋಳುಪಟ್ಟಿಯೋ, ಸ್ಪಷ್ಟನೆಯೋ, ಏನಾದರೊಂದು ಕೊಡಲಿ. ಇಷ್ಟು ಹೇಳಿಸಿಕೊಳ್ಳುವುದಕ್ಕಾದರೂ ಇಬ್ಬರಿಗೂ ನಾಚಿಕೆಯಾಗಬೇಕು.

– ಹೊರರೋಗಿ ವಿಭಾಗದ ವೈದ್ಯರು