ಬಾಲಚಕ್ರದ ವಿಮಾನವೂ ನಿಮ್ಮ ಮನೆಯ ಎತ್ತಿನ ಗಾಡಿಯೂ

ಪ್ರೀತಿಯ ಗೆಳೆಯಾ,

ನಾವೆಲ್ಲ ಇಲ್ಲಿ ಕ್ಷೇಮ. ಅತ್ತಿಗೆ ಮತ್ತು ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಯಾರೋ ತಮ್ಮ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನದಲ್ಲಿ ಕೂರುವಷ್ಟು ಬುದ್ಧಿಗೇಡಿ ನೀನು ಯಾವಾಗ ಆದೆ ಎಂದು ಕಳೆದ ಪತ್ರದಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಸಾವಧಾನವಾಗಿ ಉತ್ತರಿಸಲು ಮಳೆಯ ಭಾನುವಾರವೊಂದಕ್ಕೆ ಕಾದಿದ್ದೆ. ಅಮೆರಿಕದ ಈ ಆರೆಗನ್ ರಾಜ್ಯದ ಚಳಿಗಾಲದಲ್ಲಿ ಅದಕ್ಕಾಗಿ ಬಹಳ ಕಾಯಬೇಕಾಗುವುದಿಲ್ಲ.

ವಿಮಾನದ ಹೆಸರು ಆರ್‌ವಿ-6. ಇದೇ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಮಾರುತ್ತಿದ್ದ ಕಿಟ್‌ನಿಂದ, ಅಲ್ಯೂಮಿನಿಯಂ ತಗಡುಗಳಿಗೆ ಸಾವಿರಾರು ರಿವೆಟ್ ಹೊಡೆದು, ನಿವೃತ್ತ ಮೇಷ್ಟರೊಬ್ಬರು ಏಳು ವರ್ಷ ಕೂತು ಕಟ್ಟಿದ್ದು. ಪಕ್ಕಪಕ್ಕದಲ್ಲಿ ಎರಡು ಆಸನ, 23 ಅಡಿ ರೆಕ್ಕೆ, 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಕಣ್ಣು ಮಂಜಾದ ಮೇಲೆ ಅವರು ಅದನ್ನು ನನಗೆ ಮಾರಿದರು. ಇಲ್ಲಿಯ ಕಾನೂನಿನಂತೆ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಹಾಗೆ ಮಾಡಿದವರು ತಾವು ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆಗೆ ತಾವೇ ಸಹಿ ಹಾಕುವ ಅರ್ಹತೆಯನ್ನು ಪಡೆಯಬಹುದು. ಹಣ ಕೊಟ್ಟು ಮಾಲೀಕನಾದ ನನಗೆ ಆ ಅಧಿಕಾರವಿಲ್ಲ. ಇದು ನ್ಯಾಯವೆಂದೇ ನನಗೆ ತೋರುತ್ತದೆ. ಉಪ್ಪು ಎಷ್ಟು ಬಿದ್ದಿದೆಯೆಂಬುದು ಅಡುಗೆ ಮಾಡಿದವರಿಗೆ ಗೊತ್ತೇ ಹೊರತು ಉಂಡವರಿಗಲ್ಲ.

ಪರವಾನಗಿ ನನಗೆ ಮೊದಲೇ ಇತ್ತು. ಕಲಿತದ್ದು ಸೆಸ್ನಾ 172ರಲ್ಲಿ. ಕಾರ್ಖಾನೆಯ ಆ ವಿಮಾನಕ್ಕೆ ಅಚ್ಚಾದ ಕೈಪಿಡಿಯಿದೆ. ಈ ವಿಮಾನಕ್ಕಿರುವುದು ಮೇಷ್ಟರ ನೋಟ್‌ಬುಕ್ಕು. ಕಟ್ಟಿ ಮುಗಿದ ಮೇಲೆ ಮೊದಲ 40 ಗಂಟೆ, ಗೊತ್ತುಪಡಿಸಿದ ಪ್ರದೇಶದ ಮೇಲೆ, ಪ್ರಯಾಣಿಕರಿಲ್ಲದೆ ಒಬ್ಬರೇ ಹಾರಿ, ಯಾವ ವೇಗಕ್ಕೆ ಇಳಿದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋಲುತ್ತದೆ, ಎಷ್ಟು ಬೇಗ ಏರುತ್ತದೆ ಎಂಬುದನ್ನೆಲ್ಲ ಅವರು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ರೆಕ್ಕೆ ಸೋಲುವ ವೇಗ ಗಂಟೆಗೆ 54 ಮೈಲಿ ಎಂದಿತ್ತು. ಇಳಿಯಲು ಬರುವಾಗ ಅದರ 1.3ರಷ್ಟು, ಅಂದರೆ 70 ಮೈಲಿ ಇರಬೇಕು. ನಾನು 4,000 ಅಡಿ ಏರಿ ಪರೀಕ್ಷಿಸಿದಾಗ 55 ಬಂತು. ಆ ಒಂದು ಮೈಲಿ ಪಕ್ಕದಲ್ಲಿ ಕೂತಿದ್ದ ಇನ್‌ಸ್ಟ್ರಕ್ಟರ್ ಅವರ ತೂಕದ್ದೋ ನನ್ನ ಹೊಟ್ಟೆಯದ್ದೋ ತಿಳಿಯದು.

ಆದರೆ ನನ್ನ ಬೆವರಿಳಿಸಿದ್ದು ಹಾರಾಟಕ್ಕಿಂತ ಹೆಚ್ಚಾಗಿ ನೆಲದ ಮೇಲಿನ ಓಟ. ಸೆಸ್ನಾದ ಮೂರನೆಯ ಚಕ್ರ ಮೂಗಿನ ಕೆಳಗಿದೆ, ಇದರದ್ದು ಬಾಲದಲ್ಲಿದೆ. ಮುಖ್ಯ ಚಕ್ರಗಳೆರಡೂ ಮುಂದೆ, ತೂಕದ ಕೇಂದ್ರ ಅವುಗಳ ಹಿಂದೆ. ನಿಮ್ಮ ಮನೆಯ ಎತ್ತಿನ ಗಾಡಿಯನ್ನು ನಾವಿಬ್ಬರೂ ನೊಗ ಹಿಡಿದು ಕೊಟ್ಟಿಗೆಯೊಳಕ್ಕೆ ಹಿಂದುಹಿಂದಾಗಿ ತಳ್ಳಿದ್ದು ನೆನಪಿದೆಯೇ? ಮುಂದಕ್ಕೆ ಎಳೆದರೆ ಸಾಧುವಾಗಿ ಹಿಂಬಾಲಿಸುತ್ತಿದ್ದ ಗಾಡಿ, ಹಿಂದಕ್ಕೆ ತಳ್ಳಿದಾಗ ತುಸು ಓರೆಯಾದದ್ದು ಮತ್ತಷ್ಟು ಓರೆಯಾಗಿ, ಕೊನೆಗೆ ಮೂಕಿಮರ ತುಳಸಿಕಟ್ಟೆಗೆ ಬಡಿದು ನಿಮ್ಮ ತಂದೆಯವರಿಂದ ನಮಗೆ ಮಂಗಳಾರತಿಯಾಯಿತಲ್ಲ. ಬಾಲಚಕ್ರದ ವಿಮಾನದ ಸ್ವಭಾವವೂ ಅದೇ. ರನ್‌ವೇ ಮೇಲೆ ಓಡುವಾಗ ಬಾಲ ಮೂಗನ್ನು ಹಿಂದಿಕ್ಕಲು ಸದಾ ಹವಣಿಸುತ್ತಿರುತ್ತದೆ. ಕಾಲಿನಿಂದ ಒತ್ತಿ ಮೂಗನ್ನು ನೇರವಾಗಿಡುವ ಪೆಡಲ್‌ಗಳನ್ನು ಒಂದು ಕ್ಷಣ ಮರೆತರೆ ಗಿರ್ರನೆ ತಿರುಗಿ, ಚಕ್ರದ ಕಾಲು ಬಾಗಿ, ರೆಕ್ಕೆ ನೆಲಕ್ಕೆ ಉಜ್ಜುವುದುಂಟು. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಏರುವಾಗಿನ ಪಾಡು ಬೇರೆ: ಎಂಜಿನ್ನಿನ ಶಕ್ತಿ ಹೆಚ್ಚಿಸಲು ಥ್ರಾಟಲ್ ತಳ್ಳಿದೊಡನೆ ಮೂಗು ಎಡಕ್ಕೆ ಎಳೆಯುತ್ತದೆ, ಬಾಲ ಮೇಲೇಳುವಾಗ ಸುತ್ತುತ್ತಿರುವ ಪ್ರೊಪೆಲರ್ ಬುಗುರಿಯಂತೆ ವರ್ತಿಸಿ ಇನ್ನೊಮ್ಮೆ ಎಡಕ್ಕೇ ಎಳೆಯುತ್ತದೆ. ನನ್ನ ಇನ್‌ಸ್ಟ್ರಕ್ಟರ್ ಅರವತ್ತು ದಾಟಿದ ಮಿತಭಾಷಿ ಮಹಿಳೆ. ಹತ್ತು ಗಂಟೆಗಳ ಪಾಠದಲ್ಲಿ ಅವರು ಹೆಚ್ಚಾಗಿ ಆಡಿದ ಮಾತು "ಕಾಲು" ಎಂಬುದೊಂದೇ.

ನಾಲ್ಕನೆಯ ಪಾಠದಂದು 70ರ ಬದಲು 80 ಮೈಲಿಯಲ್ಲಿ ಬಂದೆ. ಈ ನುಣುಪು ವಿಮಾನಕ್ಕೆ ಹತ್ತು ಮೈಲಿ ಹೆಚ್ಚಾದರೆ ಅದು ಇಳಿಯುವುದೇ ಇಲ್ಲ, ರನ್‌ವೇಯ ಮೇಲೆ ತೇಲುತ್ತಲೇ ಹೋಗುತ್ತದೆ. ತಾಳ್ಮೆಗೆಟ್ಟು ಚಕ್ರಗಳನ್ನು ನೆಲಕ್ಕೆ ಒತ್ತಿದೆ. ಮುಂದಿನ ಚಕ್ರಗಳು ಬಡಿದೊಡನೆ ಹಿಂದಿನ ಭಾರಕ್ಕೆ ಬಾಲ ಕುಸಿಯಿತು, ಬಾಲ ಕುಸಿದದ್ದರಿಂದ ರೆಕ್ಕೆ ಮತ್ತೆ ಗಾಳಿಯನ್ನು ಹಿಡಿಯಿತು, ಮನೆಯ ಸೂರಿನಷ್ಟು ಎತ್ತರಕ್ಕೆ ಪುಟಿದೆವು. ಥ್ರಾಟಲ್ ಪೂರ್ತಿ ತಳ್ಳಿ ಮೇಲೇರಿದೆ. ಅವರು ಏನನ್ನೂ ಹೇಳದೆ ಕಿಟಕಿಯಾಚೆ ನೋಡುತ್ತಿದ್ದರು, ಬೈದಿದ್ದರೆ ಹಗುರವಾಗುತ್ತಿತ್ತು.

ಗಾಳಿಯಲ್ಲಿ ಮಾತ್ರ ಅದು ಬೇರೆಯೇ ಜೀವ. ಸೆಸ್ನಾವನ್ನು ತಿರುಗಿಸಲು ತೋಳು ಬೇಕಿತ್ತು, ಇದಕ್ಕೆ ಎರಡು ಬೆರಳು ಸಾಕು. ಸ್ವಿಚ್ಚುಗಳೆಲ್ಲ ಮೇಷ್ಟರ ಕೈಯಳತೆಗೆ ಕೂತಿವೆ. ಮೇಷ್ಟರು ಎಡಚರು, ಆದ್ದರಿಂದ ಒಂದೆರಡಕ್ಕೆ ನಾನು ಇನ್ನೂ ತಡಕಾಡುತ್ತೇನೆ.

ಆಗಸ್ಟಿನಲ್ಲಿ ಬಂದಾಗ ನೀನೂ ಹತ್ತುವುದಾದರೆ, ಈ ವಿಮಾನ ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬ ಫಲಕ ನಿನ್ನ ಕಣ್ಣೆದುರಿಗೇ ಇರುತ್ತದೆ, ಓದಿಕೊಂಡು ಕೂರು. ಅದಕ್ಕೆ ಮೊದಲು ನಿನ್ನ ಸರಿಯಾದ ತೂಕವನ್ನು ಬರೆದು ಕಳುಹಿಸು. ತೂಕದ ಕೇಂದ್ರ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಬೇಕು, ಮದುವೆಯ ಕಾಲದ ತೂಕ ಅದಕ್ಕೆ ಒದಗುವುದಿಲ್ಲ.

ನಿನ್ನ ಗೆಳೆಯ