ಆ ಇಲಿಯನ್ನು ಲೇಖನದಿಂದ ಬಿಡಬೇಡ

ದಾವಣಗೆರೆ

ಪ್ರೀತಿಯ ತಮ್ಮಾ,

ನಿದ್ದೆಯ ಬಗ್ಗೆ ನೀನು ಬರೆದ ಲೇಖನ ಓದಿದೆ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ರಾತ್ರಿ ದುಡಿಯುವವರಿಂದ ಶುರು ಮಾಡಿದ್ದೀಯ, ಚೆನ್ನಾಗಿದೆ. ಆದರೆ ಮುಂದೆ ‘ಗ್ಲಿಯಾ ಕೋಶಗಳು ನಿದ್ದೆಯನ್ನು ನಿಯಂತ್ರಿಸುತ್ತವೆ ಎನ್ನುತ್ತಾರೆ ವಿಜ್ಞಾನಿಗಳು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಯಾವ ವಿಜ್ಞಾನಿಗಳು? ಏನು ಮಾಡಿ ನೋಡಿದರು? ಓದುವವರಿಗೆ ಬೇಕಾದದ್ದು ಅದೇ ಅಲ್ವಾ?

ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗವಿದೆಯಲ್ಲ, ಅದರ ಮೇಲೆಯೇ, ಮೆದುಳಿನಲ್ಲಿ, ಹಗಲು-ರಾತ್ರಿಯ ಲೆಕ್ಕ ಇಡುವ ಮೈಯ ಗಡಿಯಾರ ಕೂತಿದೆ. ಇಲಿಯಲ್ಲಿ ಅದು ಸುಮಾರು 20,000 ನರಕೋಶಗಳ ಗುಂಪು. ಗಡಿಯಾರ ನಡೆಸುವುದು ಇವೇ, ಜೊತೆಗಿರುವ ಆಸ್ಟ್ರೊಸೈಟ್ ಎಂಬ ಗ್ಲಿಯಾ ಕೋಶಗಳು ಬರೀ ಆಸರೆಗೆ ಎಂದು ಬಹಳ ಕಾಲ ನಂಬಿದ್ದರು. 2017ರಲ್ಲಿ ಕೇಂಬ್ರಿಜ್‌ನ ಮೈಕಲ್ ಹೇಸ್ಟಿಂಗ್ಸ್ ತಂಡಕ್ಕೆ ಬೇರೆಯೇ ಕಂಡಿತು. ಆ ಗಡಿಯಾರದಲ್ಲಿ ಹಗಲು ನರಕೋಶಗಳು ಚುರುಕು, ರಾತ್ರಿ ಆಸ್ಟ್ರೊಸೈಟ್‌ಗಳು ಚುರುಕು. ರಾತ್ರಿ ಆಸ್ಟ್ರೊಸೈಟ್‌ಗಳು ಬಿಡುವ ಗ್ಲುಟಮೇಟ್ ಎಂಬ ರಾಸಾಯನಿಕ ನರಕೋಶಗಳನ್ನು ಸುಮ್ಮನಿರಿಸುತ್ತದೆ. ಮಾಮೂಲಾಗಿ ಗ್ಲುಟಮೇಟ್ ನರಕೋಶಗಳನ್ನು ಕೆರಳಿಸುವಂಥದ್ದು. ಇಲ್ಲಿ ಸುತ್ತುದಾರಿ ಹಿಡಿದು ಉಲ್ಟಾ ಕೆಲಸ ಮಾಡುತ್ತದೆ!

ಅದೇ ತಂಡ 2019ರಲ್ಲಿ ಮಾಡಿದ ಪ್ರಯೋಗಕ್ಕೆ ಇಡೀ ಒಂದು ಪ್ಯಾರಾ ಕೊಡು. ಗಡಿಯಾರಕ್ಕೆ ಬೇಕಾದ ‘ಕ್ರೈ’ ಎಂಬ ಹೆಸರಿನ ಎರಡು ಜೀನ್‌ಗಳಿಲ್ಲದ ಇಲಿಗಳವು. ಪೂರ್ತಿ ಕತ್ತಲಲ್ಲಿಟ್ಟರೆ ಹೊತ್ತುಗೊತ್ತಿಲ್ಲದೆ ಪಂಜರದ ಚಕ್ರದಲ್ಲಿ ಓಡುತ್ತವೆ. ಆಸ್ಟ್ರೊಸೈಟ್‌ಗಳಿಗೆ ಮಾತ್ರ ಒಂದು ಜೀನನ್ನು ವಾಪಸ್ ಕೊಟ್ಟರು. ನರಕೋಶಗಳ ಜೀನನ್ನು ಸರಿಪಡಿಸಲೇ ಇಲ್ಲ. ಆದರೂ ಇಲಿಗಳ ಓಟಕ್ಕೆ ದಿನದ ಲಯ ಬಂತು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನಿನ್ನ ಓದುಗರಿಗೂ ಅದು ಸಿಗಬೇಕು.

ಇನ್ನೊಂದು, ಹೊತ್ತು ತಿಳಿಯುವುದು ಬೇರೆ, ನಿದ್ದೆ ಒತ್ತರಿಸಿ ಬರುವುದು ಬೇರೆ. ನೀನು ಎರಡನ್ನೂ ಕಲಸಿದ್ದೀಯ. ಎಚ್ಚರ ಜಾಸ್ತಿಯಾದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ಎಳೆಯುತ್ತದೆ. ಇದರಲ್ಲೂ ಆಸ್ಟ್ರೊಸೈಟ್‌ಗಳ ಕೈಯಿದೆ. ಅವು ರಾಸಾಯನಿಕ ಬಿಡುವುದನ್ನು ತಡೆದಾಗ, ನಿದ್ದೆಗೆಟ್ಟ ಇಲಿಗಳಲ್ಲೂ ಆ ಎಳೆತ ಕಡಿಮೆಯಾಯಿತು ಎಂದು 2009ರ ಪ್ರಯೋಗ ತೋರಿಸಿತು. ಚಹಾದ ಕೆಫೀನ್ ಅಡ್ಡಗಟ್ಟುವುದೂ ಈ ಅಡೆನೊಸಿನ್‌ನ ಕೆಲಸವನ್ನೇ. ಭಟ್ಟಿಯವರು ನಡುರಾತ್ರಿ ಕುಡಿಯುವ ಚಹಾ ಇಲ್ಲಿ ಬರಲಿ.

‘ಇಲಿಗಳಲ್ಲಿ’ ಅಂತ ಪ್ರತಿ ಸಲ ಬರೆಯಲು ಬೇಜಾರು ಮಾಡಿಕೊಳ್ಳಬೇಡ. ಇಲಿ ರಾತ್ರಿ ಎಚ್ಚರವಿರುವ ಪ್ರಾಣಿ, ಅಲ್ಲಿ ಕಂಡದ್ದನ್ನು ಭಟ್ಟಿಯ ಕೆಲಸಗಾರರಿಗೆ ಹಾಗೇ ಅನ್ವಯಿಸಲಾಗದು. ಸುಖನಿದ್ದೆಗೆ ಉಪಾಯ ಹೇಳುವ ಕೊನೆಯ ಪ್ಯಾರಾ ತೆಗೆದುಬಿಡು. ಅದಕ್ಕೆ ಈ ಪ್ರಯೋಗಗಳಲ್ಲಿ ಆಧಾರವಿಲ್ಲ. ತಿದ್ದಿಕೊಂಡು ಭಾನುವಾರ ಮನೆಗೆ ಬಾ, ಕೂತು ನೋಡೋಣ.

ನಿನ್ನ ಅಣ್ಣ